ಹನ್ನೆರಡು ಸಲ ಹಾಡಿಸಿದ ತೇಪೆ

ಮೂರು ದಿನದೊಳಗೆ ಆ ಮೂರ್ಖನನ್ನು ಹುಡುಕಿ ತೆಗೆದು ಲೋಕದ ಮುಂದೆ ನಿಲ್ಲಿಸುತ್ತೇನೆಂದು ಅಕ್ಟೋಬರ್ ತಿಂಗಳ ಎರಡನೆಯ ಬುಧವಾರ ಸಂಜೆ ಆರೂಕಾಲು ಗಂಟೆಗೆ ನಾನು ಪ್ರತಿಜ್ಞೆ ಮಾಡಿದೆ. ದಿನಚರಿಯಲ್ಲಿ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಪ್ರತಿಜ್ಞೆ ಅಕ್ಷರಶಃ ನೆರವೇರಿತು. ನನ್ನ ದುಃಖಕ್ಕೆ ಅದೇ ಕಾರಣ.

ಎಲ್ಲ ಶುರುವಾದದ್ದು ನನ್ನ ಹೆಂಡತಿ ಸೂ-ಚಿನ್‌ಳ ಹಾಡಿನಿಂದ. ಹಕ್ಕಾ ಜನರ ಬೆಟ್ಟದ ಹಾಡುಗಳ ಸ್ಪರ್ಧೆಗೆ ಅವಳು ಹೆಸರು ಕೊಟ್ಟಿದ್ದಳು. ಮೊದಲ ಸುತ್ತು ಶನಿವಾರ ಮಧ್ಯಾಹ್ನ ಮೂರಕ್ಕೆ, ವಿಡಿಯೊ ಮೂಲಕ. ತೀರ್ಪುಗಾರರು ಮಿಯಾವ್ಲಿಯಲ್ಲಿ, ನಾವು ಶಿಂಚುವಿನಲ್ಲಿ. ಅವಳ ಹಾಡಿನ ನಡುವೆ ಇಪ್ಪತ್ತೆರಡು ಸೆಕೆಂಡುಗಳ ಒಂದು ಎಳೆತವಿದೆ. ಕಣ್ಣು ಮುಚ್ಚಿ, ಕೈ ಜೋಡಿಸಿ, ಕಂಬದಂತೆ ನಿಂತು ಒಂದೇ ಉಸಿರಿನಲ್ಲಿ ಎಳೆಯಬೇಕು. ಐವತ್ತರ ಹೊಸ್ತಿಲಲ್ಲಿ ಮೊದಲ ಬಾರಿಗೆ ವೇದಿಕೆಯ ಆಸೆಪಟ್ಟವಳು ಅದಕ್ಕಾಗಿ ಬೇಸಿಗೆಯಿಡೀ ಕರಿದದ್ದನ್ನೂ ತಣ್ಣಗಿನದನ್ನೂ ಬಿಟ್ಟಿದ್ದಳು. ಆ ಬುಧವಾರ ಮಿಯಾವ್ಲಿಯ ಗೆಳತಿ ಫಾನ್ ಅಕ್ಕನಿಗೆ ವಿಡಿಯೊದಲ್ಲಿ ಹಾಡಿ ತೋರಿಸುತ್ತಿದ್ದಾಗ, ಎಳೆತದ ಹನ್ನೊಂದನೆಯ ಸೆಕೆಂಡಿಗೆ ವೈಫೈ ಪ್ರಾಣ ಬಿಟ್ಟಿತು. ಮತ್ತೆ ಹಾಡಿದಳು, ಅದೇ ಜಾಗದಲ್ಲಿ ಮತ್ತೆ ಬಿಟ್ಟಿತು.

ಹಿಂದಿನ ದಿನವಷ್ಟೇ ಮನೆಯ ಕಂಪ್ಯೂಟರಿಗೆ ಹೊಸ ಕರ್ನಲ್ ಹಾಕಿದವನು ನಾನು. ಕರ್ನಲ್ ಎಂದರೆ ಯಂತ್ರದ ಒಳತಿರುಳು. ಲೋಕದ ನಾನಾ ಮೂಲೆಯವರು ಬಿಡುವಿನಲ್ಲಿ ತೇಪೆಗೆ ತೇಪೆ ಸೇರಿಸಿ ಹೊಲಿಯುತ್ತಿರುವ ಕೌದಿ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಯಾರು ಬೇಕಾದರೂ ತೇಪೆ ಕಳುಹಿಸಬಹುದು. ಕಳುಹಿಸಿದವನ ಹೆಸರು ಮಾತ್ರ ಅದರ ಮೇಲೆ ಶಾಶ್ವತವಾಗಿ ಉಳಿಯುತ್ತದೆ. ಅದರಲ್ಲಿ ವೈಫೈಯನ್ನು ನೋಡಿಕೊಳ್ಳುವ ಭಾಗಕ್ಕೆ ಡ್ರೈವರ್ ಎನ್ನುತ್ತಾರೆ. ಹದಿನೆಂಟು ವರ್ಷಗಳಿಂದ ನಾನೂ ಅಲ್ಲಿ ಸೂಜಿ ಹಿಡಿದವನೇ. ಯಾವನೋ ಮೂರ್ಖ ಹೊಸ ಕರ್ನಲ್‌ಗೆ ಕೆಟ್ಟ ತೇಪೆ ಹಾಕಿದ್ದಾನೆಂದು ತಕ್ಷಣ ತೀರ್ಮಾನಿಸಿದೆ.

"ಹಳೇದನ್ನೇ ವಾಪಸ್ ಹಾಕ್ಬಿಡು, ಆ-ಯುವಾನ್," ಎಂದಳು ಸೂ-ಚಿನ್. "ಶನಿವಾರ ಕಳೀಲಿ. ಆಮೇಲೆ ನಿನ್ನ ಮೂರ್ಖನ್ನ ಹುಡುಕ್ಕೋ."

ಇದಕ್ಕಿಂತ ವಿವೇಕದ ಮಾತನ್ನು ಆ ವಾರ ಯಾರೂ ಆಡಲಿಲ್ಲ. ಆದರೆ ಹೊಸದನ್ನು ಬಿಟ್ಟು ಹಳೆಯದಕ್ಕೆ ಮರಳುವುದು ನಮ್ಮ ಪಂಗಡದಲ್ಲಿ ರಣರಂಗದಿಂದ ಓಡಿಹೋದಂತೆ. ನಾನು ಕನ್ನಡಕ ಸರಿಪಡಿಸಿಕೊಂಡು ಗಂಭೀರವಾಗಿ ನುಡಿದೆ: "ಇದನ್ನ ಮಾಡಿದವನ ಮನೇಲಿ ಯಾರೂ ಹಾಡಲ್ಲ ಅಂತ ಕಾಣುತ್ತೆ. ಹಾಡೋರಿದ್ದಿದ್ರೆ ಇಂಥ ಕೆಲಸ ಮಾಡ್ತಿರ್ಲಿಲ್ಲ."

ಮಾತು ನನಗೇ ಮೆಚ್ಚುಗೆಯಾಯಿತು. ಅದನ್ನು ಫಾನ್ ಅಕ್ಕನಿಗೆ, ಕಚೇರಿಯ ಸಹೋದ್ಯೋಗಿಗೆ, ಒಮ್ಮೆ ಅಕ್ಕಿ ಶಾವಿಗೆ ಮಾರುವವನಿಗೂ ಹೇಳಿದೆ. ದಿನಚರಿಯ ಲೆಕ್ಕದಲ್ಲಿ ಒಟ್ಟು ಒಂಬತ್ತು ಸಲ.

ಕೆಟ್ಟ ತೇಪೆಯನ್ನು ಹಿಡಿಯಲು ನಮ್ಮಲ್ಲೊಂದು ಸಂಪ್ರದಾಯವಿದೆ. ಹಳೆಯ ಕರ್ನಲ್ ಸರಿ, ಹೊಸದು ಕೆಟ್ಟದ್ದು. ನಡುವೆ ಎಂಟು ಸಾವಿರ ತೇಪೆ. ನಟ್ಟನಡುವಿನ ತೇಪೆಯವರೆಗೆ ಕರ್ನಲ್ ಕಟ್ಟಿ ಪರೀಕ್ಷಿಸಬೇಕು. ಸರಿಯಿದ್ದರೆ ಕಳ್ಳ ಆಮೇಲಿನ ಅರ್ಧದಲ್ಲಿ, ಕೆಟ್ಟಿದ್ದರೆ ಅದಕ್ಕೂ ಮುಂಚಿನ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಬೇಕು. ಹೀಗೆ ಹದಿಮೂರು ಬಾರಿ ಸೀಳಿದರೆ ಒಂದೇ ತೇಪೆ, ಒಂದೇ ಹೆಸರು ಉಳಿಯುತ್ತದೆ. ಹದಿಮೂರು ಸಲ ಕಟ್ಟುವುದು ಯಂತ್ರದ ಕೆಲಸ. ಹದಿಮೂರು ಸಲ ಪರೀಕ್ಷಿಸುವುದು, ಅಂದರೆ ಇಪ್ಪತ್ತೆರಡು ಸೆಕೆಂಡು ಎಳೆಯುವುದು, ಸೂ-ಚಿನ್‌ಳ ಕೆಲಸ.

ಮೊದಲ ನಾಲ್ಕು ಸುತ್ತು ಅವಳು ಉತ್ಸಾಹದಿಂದಲೇ ಹಾಡಿದಳು, ಅಭ್ಯಾಸವಾಯಿತಲ್ಲ ಎಂದಳು. ಐದನೆಯದಕ್ಕೆ ಕೆಮ್ಮಿದಳು. ಎಂಟನೆಯದಕ್ಕೆ ಹುಳಿಕಿತ್ತಳೆಯೊಳಗೆ ತುಂಬಿ ಒಣಗಿಸಿದ ಚಹಾ ಕುದಿಸಿ ಕುಡಿದಳು. ಹತ್ತನೆಯದಕ್ಕೆ ನನ್ನನ್ನು ಬಹುವಚನದಲ್ಲಿ ಕರೆಯತೊಡಗಿದಳು. ನಮ್ಮ ಮನೆಯಲ್ಲಿ ಅದು ಬಿರುಗಾಳಿಯ ಮುನ್ಸೂಚನೆ. ಹೊರಗೆ ಶಿಂಚುವಿನ ಚಾಂದ್ರಮಾನದ ಒಂಬತ್ತನೆಯ ತಿಂಗಳ ಗಾಳಿ ಅದಕ್ಕೆ ಹೋಲಿಸಿದರೆ ಬೀಸಣಿಗೆ. ಶುಕ್ರವಾರ ಸಂಜೆ ಹನ್ನೆರಡನೆಯ ಎಳೆತ ಹದಿಮೂರನೆಯ ಸೆಕೆಂಡಿಗೇ ಸೀಳಿತು. ವೈಫೈ ಅಲ್ಲ, ಗಂಟಲು.

ಅವಳ ದನಿ ಹೋಗಿತ್ತು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಮರುದಿನದ ಅಂಕಿಯ ಸುತ್ತ ತಾನೇ ಬರೆದಿದ್ದ ಹಸಿರು ವೃತ್ತವನ್ನು ಒಮ್ಮೆ ನೋಡಿದಳು. ಆಗ ಮೊದಲ ಬಾರಿಗೆ ನನಗೆ ಭಯವಾಯಿತು.

ಉಳಿದದ್ದು ಒಂದೇ ಪರೀಕ್ಷೆ. ಪ್ರಾಯಶ್ಚಿತ್ತವೆಂದು ನಾನೇ ಕ್ಯಾಮೆರಾದ ಮುಂದೆ ನಿಂತು ಹಾಡಿದೆ. ಕೈ ಬೀಸಿ, ಕತ್ತು ಕುಣಿಸಿ, ಆರು ಸಲ ಉಸಿರು ತೆಗೆದುಕೊಂಡು ಇಪ್ಪತ್ತೆರಡು ಸೆಕೆಂಡು ಮುಗಿಸಿದೆ. ವೈಫೈ ಅಲುಗಲಿಲ್ಲ. ಆ ಕಡೆಯಿಂದ ಫಾನ್ ಅಕ್ಕ, "ಭಾವ, ನಮ್ಮ ಕೋಳಿಗಳೆಲ್ಲ ಗೂಡು ಸೇರ್ಕೊಂಡ್ವು, ಸಾಕು" ಎಂದರು.

ತೇಪೆ ಸರಿಯಿದೆ ಎಂದು ಬರೆದುಕೊಳ್ಳಲು ಪೆನ್ನೆತ್ತಿದೆ. ಸೂ-ಚಿನ್ ಪೆನ್ನು ಹಿಡಿದುಕೊಂಡಳು. ನನ್ನನ್ನು ಪಕ್ಕಕ್ಕೆ ಸರಿಸಿ, ಅದೇ ಜಾಗದಲ್ಲಿ ಕಣ್ಣು ಮುಚ್ಚಿ ಕಂಬದಂತೆ ನಿಂತಳು. ಹಾಡಲಿಲ್ಲ. ಸುಮ್ಮನೆ ನಿಂತಳು. ಹನ್ನೊಂದನೆಯ ಸೆಕೆಂಡಿಗೆ ವೈಫೈ ಸತ್ತಿತು.

ಎಲ್ಲ ಹೊಳೆಯಿತು. ಚಿತ್ರ ಅಲುಗದಿದ್ದರೆ ಕಳುಹಿಸಲು ಹೆಚ್ಚೇನೂ ಇರುವುದಿಲ್ಲ; ಮನೆಯಲ್ಲಿ ಎಲ್ಲರೂ ಮಲಗಿದರೆಂದು ತಿಳಿದು ಡ್ರೈವರ್ ವಿದ್ಯುತ್ ಉಳಿಸಲು ತಾನೂ ಮಲಗುತ್ತಿತ್ತು.

ಅವಳು ಪಿಸುದನಿಯಲ್ಲಿ ಕೇಳಿದಳು: "ಅಂದ್ರೆ ಮೂರು ದಿನ ಹಾಡೋದೇ ಬೇಕಿರ್ಲಿಲ್ಲ. ಸುಮ್ನೆ ನಿಂತಿದ್ರೆ ಸಾಕಿತ್ತು ಅನ್ನಿ."

ಉತ್ತರಿಸುವ ಸಂಕಟ ತಪ್ಪಿಸಿಕೊಳ್ಳಲು ನಾನು ಪರದೆಯತ್ತ ತಿರುಗಿದೆ. ಅಲ್ಲಿ ಅದಕ್ಕಿಂತ ದೊಡ್ಡ ಸಂಕಟ ಕಾದಿತ್ತು. ಎಂಟು ಸಾವಿರದಲ್ಲಿ ಉಳಿದ ಒಂದೇ ತೇಪೆ, ಎರಡೇ ಸಾಲು, 'ವಿದ್ಯುತ್ ಉಳಿತಾಯಕ್ಕೆ ಸಣ್ಣ ಸುಧಾರಣೆ'. ಕಳುಹಿಸಿದ್ದು ಕಳೆದ ಮಾರ್ಚ್‌ನಲ್ಲಿ. ಕಳುಹಿಸಿದವನು ಕಾವ್ ಶಿ-ಯುವಾನ್, ಶಿಂಚು. ಅದು ನನ್ನ ಪೂರ್ಣ ಹೆಸರು.

ಸೂ-ಚಿನ್ ನನ್ನ ಹೆಗಲ ಮೇಲಿಂದ ಓದಿದಳು. ಬಹಳ ಹೊತ್ತು ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ, ದನಿ ಹೋದವರ ನಗುವೂ ಹಾಗೆಯೇ ಇರುತ್ತದೆ.

ಆ ಎರಡು ಸಾಲು ಕಿತ್ತೆಸೆದ ಕರ್ನಲ್‌ನ ಮೇಲೆ, ಶನಿವಾರ ಮೂರು ಗಂಟೆಗೆ ಅವಳು ಹಾಡಿದಳು. ಗಂಟಲು ಉಳಿಸಿಕೊಳ್ಳಲು ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ನಾನು ಆಡಿಸಲೂ ಇಲ್ಲ. ದನಿ ಒರಟಾಗಿತ್ತು, ಕೆಳಗಿಳಿದಿತ್ತು, ಎಳೆತ ಹದಿನಾಲ್ಕು ಸೆಕೆಂಡಿಗೆ ನಿಂತಿತು. ಆದರೆ ಅವಳು ಕಂಬದಂತೆ ನಿಂತಿದ್ದಳು, ವೈಫೈಯೂ ನಿಂತಿತ್ತು. ಇಡೀ ದಿನ ಚಹಾ ತೋಟದಲ್ಲಿ ದುಡಿದು ಬೆಟ್ಟವಿಳಿಯುವವಳ ದನಿಯಂತಿದೆ ಎಂದರು ಒಬ್ಬ ತೀರ್ಪುಗಾರರು. ಎರಡನೆಯ ಸುತ್ತಿಗೆ ಕರೆ ಬಂತು. ಅದು ಮಿಯಾವ್ಲಿಯ ವೇದಿಕೆಯ ಮೇಲೆ. ವೈಫೈ ಬೇಕಿಲ್ಲ, ನಾನೂ ಬೇಕಿಲ್ಲ.

ಭಾನುವಾರ ನಾನು ತಿದ್ದುಪಡಿಯ ತೇಪೆ ಬರೆಯಲು ಕುಳಿತೆ. ಯಾರ ತೇಪೆಯಿಂದ ಕೆಟ್ಟಿತು, ಯಾರು ದೂರಿದರು, ಯಾರು ಪರೀಕ್ಷಿಸಿದರು, ಏಕೆ ಕೆಟ್ಟಿತು ಎಂಬುದನ್ನೆಲ್ಲ ಅದರಲ್ಲಿ ಲೋಕಕ್ಕೆ ಕಾಣುವಂತೆ ಬರೆಯುವುದು ನಿಯಮ. ಕೆಡಿಸಿದವನ ಹೆಸರು ಬರೆದೆ. ದೂರಿದವಳ, ಪರೀಕ್ಷಿಸಿದವಳ ಜಾಗದಲ್ಲಿ ಎರಡು ಕಡೆಯೂ ಯೌ ಸೂ-ಚಿನ್ ಎಂದು ಬರೆದೆ. ಕಾರಣದ ಜಾಗದಲ್ಲಿ ಪೆನ್ನು ಕಚ್ಚುತ್ತ ಕುಳಿತಾಗ ಅವಳು ಒಣಗಿಸಿದ ಪರ್ಸಿಮನ್ ಹಣ್ಣಿನ ತಟ್ಟೆ ತಂದಿಟ್ಟಳು. ದನಿ ಅರ್ಧ ಮರಳಿತ್ತು, ಏಕವಚನ ಪೂರ್ತಿ ಮರಳಿತ್ತು.

"ನಾನ್ ಹೇಳ್ತೀನಿ, ಬರ್ಕೋ ಆ-ಯುವಾನ್. ಅವನ ಮನೇಲಿ ಹಾಡೋರಿದ್ರು. ಕೇಳೋರಿರ್ಲಿಲ್ಲ."

ಹಾಗೆಯೇ ಬರೆದು ಕಳುಹಿಸಿದೆ. ಪ್ರತಿ ಸಲ ನನ್ನ ತೇಪೆಗೆ ಹತ್ತು ತಪ್ಪು ಹುಡುಕುವ ಫಿನ್ಲೆಂಡಿನ ಮೇಲ್ವಿಚಾರಕರು ಒಂದಕ್ಷರವನ್ನೂ ತಿದ್ದದೆ ಒಪ್ಪಿಕೊಂಡರು. ಹದಿನೆಂಟು ವರ್ಷಗಳಲ್ಲಿ ಇದೇ ಮೊದಲು.