ಕಾಗದದ ಚಂದ್ರನ ಕೆಳಗೆ ಅಟೆನ್ಷನ್

ನಾನು ಎಲ್ಲಿ ಅತ್ಯಂತ ಗಂಭೀರವಾಗಿ ಇರಬೇಕೆಂದು ಸೀರೆಯ ನೆರಿಗೆ ಸರಿಮಾಡಿಕೊಂಡು ಹೊರಡುತ್ತೇನೋ, ಅಲ್ಲೇ ಏನಾದರೊಂದು ಆಗುತ್ತದೆ. ನಾವೀಗ ಇರುವ ನೆದರ್‌ಲೆಂಡ್ಸ್‌ನ ಗ್ರೋನಿಂಗನ್‌ ಊರಿನ ಹಳೆಯ ರಂಗಮಂದಿರಕ್ಕೆ ಅಮೆರಿಕದ ಬ್ರಾಡ್‌ವೇ ಸಂಗೀತ ನಾಟಕದ ತಂಡ ಬಂದಾಗಲೂ ಆಯಿತು.

ಚಿಕ್ಕವಳಿದ್ದಾಗ ಕಾನ್ವೆಂಟಿನ ವಾರ್ಷಿಕೋತ್ಸವದ ಸಂಗೀತ ನಾಟಕದಲ್ಲಿ ನನಗೆ ಸಿಕ್ಕಿದ್ದು ಪರದೆಯ ಹಿಂದೆ ನಿಂತು ಕಾಗದದ ಚಂದ್ರನನ್ನು ಎತ್ತಿಹಿಡಿಯುವ ಕೆಲಸ. ಅಂದಿನಿಂದ ಒಂದೇ ಕನಸು: ಅಂಥದೊಂದು ಸಂಗೀತ ನಾಟಕವನ್ನು ಎದುರಿಗೆ ಕೂತು, ಮೊದಲಿಂದ ಕೊನೆಯವರೆಗೆ, ಮರ್ಯಾದೆಯಾಗಿ ನೋಡಬೇಕು. ಪಕ್ಕದ ಮನೆಯ ಡಚ್ ಮಹಿಳೆಯನ್ನೂ ಕರೆದಿದ್ದೆ. "ನಾಟಕದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ನಮ್ಮ ಸಿಸ್ಟರ್‌ಗಳು ಕಲಿಸಿದ್ದಾರೆ" ಎಂದು ಕೊಚ್ಚಿಕೊಂಡೂ ಇದ್ದೆ.

೧. ಕರ್ಚೀಫು

ಬಾಗಿಲು ತೆರೆದದ್ದೇ ನಮ್ಮ ಯಜಮಾನರು ಓಡಿದರು. ನಾನು, ಮಗಳು, ಪಕ್ಕದ ಮನೆಯಾಕೆ ತಲುಪುವಷ್ಟರಲ್ಲಿ ಎರಡನೇ ಸಾಲಿನ ನಮ್ಮ ಮಖಮಲ್ಲಿನ ಕುರ್ಚಿಗಳ ಮೇಲೆ ಕರ್ಚೀಫು, ಮಫ್ಲರ್, ಕೈಗವಸು.

"ರೀ, ಇದೇನು ಬಸ್ಸೇ? ಟಿಕೆಟ್ಟಲ್ಲೇ ಸೀಟ್ ನಂಬರ್ ಇದೆಯಲ್ಲ!"

"ನಂಬರ್ ಟಿಕೆಟ್ ಮೇಲಿರತ್ತೆ ಕಣೇ. ಕರ್ಚೀಫ್ ಸೀಟ್ ಮೇಲಿರತ್ತೆ."

ಪಕ್ಕದ ಮನೆಯಾಕೆ ತನ್ನ ಕುರ್ಚಿಯ ಮೇಲಿದ್ದ ಕರ್ಚೀಫನ್ನು ಎತ್ತಿಕೊಂಡು, "ನಾಟಕ ನೋಡಿದರೆ ನಾನು ಅಳುತ್ತೇನೆಂದು ನಿಮಗೆ ಹೇಗೆ ಗೊತ್ತಾಯಿತು?" ಎಂದು ಪ್ರೀತಿಯಿಂದ ಚೀಲಕ್ಕೆ ಹಾಕಿಕೊಂಡರು. ಅದು ಇವರ ಹೊಸ ಕರ್ಚೀಫು.

೨. ಕೋಟು

ಇಲ್ಲಿ ಕೋಟನ್ನು ಹೊರಗೆ ಒಪ್ಪಿಸಿಯೇ ಒಳಗೆ ಬರುವುದು ಪದ್ಧತಿ. ಇವರು ಮಾತ್ರ ಚಳಿಯ ನೆಪ ಹೇಳಿ ತೊಟ್ಟುಕೊಂಡೇ ಬಂದರು. ಕಾರಣ ಆಮೇಲೆ ತಿಳಿಯಿತು. ಗೊಂಚಲು ದೀಪಗಳು ಬೆಳಗಿನ ನಕ್ಷತ್ರಗಳಂತೆ ಒಂದೊಂದಾಗಿ ಮಂಕಾದವು. ನಾಯಕಿ ಉಸಿರಿನಷ್ಟು ಮೆತ್ತಗೆ ಹಾಡತೊಡಗಿದಳು. ಆಗ ಕೋಟಿನ ಜೇಬಿನಿಂದ ಬಾಯಿಗೆ ಹೋದ ಕೋಡುಬಳೆ, ಕರ್ರ್!

"ರೀ!"

"ಒಂದೇ ಕಣೇ."

ಮಗಳು ಪಿಸುಗುಟ್ಟಿದಳು: "ಪಪ್ಪಾ, ಬಾಯಲ್ಲೇ ಇಟ್ಕೊ. ಚಪ್ಪಾಳೆ ಬಂದಾಗ ಅಗಿ."

ಅಲ್ಲಿಂದ ಮುಂದೆ ಪ್ರತಿ ಹಾಡು ಮುಗಿದ ಕ್ಷಣವೇ ಮೊದಲ ಚಪ್ಪಾಳೆ ಇವರದು. ವಿರಾಮದಲ್ಲಿ ಪಕ್ಕದ ಮನೆಯಾಕೆ ನನ್ನ ಕೈ ಒತ್ತಿ ಹೇಳಿದರು: "ನಿಮ್ಮ ಗಂಡನಷ್ಟು ಸಂಗೀತದ ಹಸಿವಿರುವವರನ್ನು ನಾನು ನೋಡಿಲ್ಲ."

೩. ಅಟೆನ್ಷನ್

ಕೊನೆಯ ದೃಶ್ಯದಲ್ಲಿ ರಂಗದ ಮೇಲೆ ಚಂದ್ರ ಎದ್ದ. ಕಾಗದದ ಚಂದ್ರ! ನೀಲಿ ಬೆಳಕು ನನ್ನ ಮಡಿಲವರೆಗೂ ಹರಿದುಬಂತು. ನಾನು ಗ್ರೋನಿಂಗನ್‌ನಲ್ಲಿ ಇರಲಿಲ್ಲ. ಎರಡು ಜಡೆ, ಬಿಳಿ ಸಾಕ್ಸು, ಸಿಸ್ಟರ್ ನೋಡುತ್ತಿದ್ದಾರೆ, ಚಂದ್ರ ಅಲುಗಾಡಬಾರದು.

ಹಾಡು ಮುಗಿಯಿತು. ಸಭೆಯೆಲ್ಲ ಎದ್ದು ನಿಂತಿತು.

ಈ ದೇಶದವರು ಯಾವ ನಾಟಕಕ್ಕಾದರೂ ಎದ್ದು ಚಪ್ಪಾಳೆ ತಟ್ಟುತ್ತಾರೆಂದು ನನಗೆ ಗೊತ್ತು. ಆದರೆ ನಾನಿದ್ದದ್ದು ಕಾನ್ವೆಂಟಿನಲ್ಲಿ. ಅಲ್ಲಿ ನಾಟಕ ಮುಗಿದು ಎಲ್ಲರೂ ಎದ್ದರೆ ಒಂದೇ ಅರ್ಥ: ಜನಗಣಮನ. ಹಿಮ್ಮಡಿ ಜೋಡಿಸಿ, ಕೈ ಇಳಿಬಿಟ್ಟು, ಗಲ್ಲ ಎತ್ತಿ ನಿಂತೆ. ನನ್ನನ್ನು ನೋಡಿ ಇವರು ಕೋಡುಬಳೆ ನುಂಗಿ ನೆಟ್ಟಗಾದರು. ಮಗಳೂ ನಿಂತಳು. ಇದು ನಮ್ಮಲ್ಲಿ ಕಲೆಗೆ ತೋರುವ ಅತ್ಯುನ್ನತ ಗೌರವವಿರಬೇಕೆಂದು ಪಕ್ಕದ ಮನೆಯಾಕೆಯೂ ಚಪ್ಪಾಳೆ ನಿಲ್ಲಿಸಿ ಕೈ ಇಳಿಬಿಟ್ಟರು. ನೋಡನೋಡುತ್ತ ಇಡೀ ಎರಡನೇ ಸಾಲು ಕಲ್ಲಾಯಿತು. ರಂಗದ ಮೇಲಿನ ನಾಯಕಿ ನನ್ನ ರೇಷ್ಮೆ ಸೀರೆಯ ಕಡೆ ನೋಡಿ, ಕೈ ಬೀಸುವುದನ್ನು ಬಿಟ್ಟು ತಾನೂ ನೆಟ್ಟಗೆ ನಿಂತಳು.

ಆಗ ನನಗೆ ಎಚ್ಚರವಾಯಿತು. ಆದರೆ ಈಗ ಅಲುಗಾಡುವುದು ಹೇಗೆ?

ತುಟಿ ಅಲುಗಿಸದೆ ಯಜಮಾನರು ಕೇಳಿದರು: "ಲೇ, ಜೈ ಹಿಂದ್ ನೀನು ಕೂಗ್ತೀಯೋ, ನಾನು ಕೂಗ್ಲೋ?"