ಮೂರು ದಿನದ ಪಥ್ಯ

ಒಬ್ಬರ ಜಮೀನು ನೋಡಿ ಇನ್ನೊಬ್ಬರು ಹೊಟ್ಟೆ ಉರಿದುಕೊಳ್ಳುವುದನ್ನು ನೀವು ಕಂಡಿರುತ್ತೀರಿ. ಮನೆ, ಎಮ್ಮೆ, ಅಳಿಯನ ಕೆಲಸ, ವಯಸ್ಸಾದರೂ ಉದುರದೆ ನಿಂತ ಹಲ್ಲು, ಇವಕ್ಕೆಲ್ಲ ಹೊಟ್ಟೆ ಉರಿಯುವುದು ಲೋಕದಲ್ಲಿ ಇದ್ದದ್ದೇ. ಆದರೆ ಬೀಗರ ಮಲಪರೀಕ್ಷೆಯ ರಿಪೋರ್ಟು ನೋಡಿ ಹೊಟ್ಟೆ ಉರಿದುಕೊಂಡವನು ಚನ್ನಪಟ್ಟಣ ತಾಲ್ಲೂಕಿನಲ್ಲೆಲ್ಲ ನಾನೊಬ್ಬನೇ ಇರಬೇಕು. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು ನಾನು. ಬರೆದದ್ದರಲ್ಲಿ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ. ಸಂತೋಷ ಹೆಚ್ಚಾಗಿ ಕೈ ಸುಮ್ಮನಿರುತ್ತಿಲ್ಲ.

ಸಂತೋಷಕ್ಕೆ ಕಾರಣ ನನ್ನ ಮಗನ ಮಗಳು ಪವಿತ್ರ. ಲ್ಯಾಬಿನ ಓದು ಮುಗಿಸಿ ಚನ್ನಪಟ್ಟಣದ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಉಳಿದುಕೊಂಡಿದ್ದಾಳೆ. ಅವಳು ಬಿಳಿ ಕೋಟು ಹಾಕಿಕೊಂಡು ಮೈಕ್ರೋಸ್ಕೋಪಿಗೆ ಕಣ್ಣಿಟ್ಟ ಫೋಟೋವನ್ನು ನಮ್ಮ ಹೊಂಗನೂರು ಬಸ್ಸಿನ ಕಂಡಕ್ಟರಿಗೂ ತೋರಿಸಿದ್ದೇನೆ. ಅವರು ಟಿಕೆಟ್ ಕೊಡುವುದನ್ನು ನಿಲ್ಲಿಸಿ ನೋಡಿದರು, ಅಂದರೆ ನೋಡುವ ತನಕ ನಾನು ಬಿಡಲಿಲ್ಲ. ಆ ಕೆಲಸ ನಮ್ಮ ಮನೆಗೆ ಹೊಸದೂ ಅಲ್ಲ. ನಲವತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದೇನೆ. ಬೆಳಗ್ಗೆ ಎದ್ದು ಮೊದಲು ನೋಡುವುದು ತಟ್ಟೆಯಲ್ಲಿರುವ ಹುಳುವಿನ ಹಿಕ್ಕೆ. ಒಣಗಿ ಉದುರುದುರಾಗಿದ್ದರೆ ಹುಳು ಚೆನ್ನಾಗಿದೆ, ಅಂಟಂಟಾಗಿದ್ದರೆ ಆ ಬೆಳೆಯ ಆಸೆ ಬಿಡಬೇಕು. ಈ ವಿದ್ಯೆ ಮಗನನ್ನು ಹಾರಿ ಮೊಮ್ಮಗಳಿಗೆ ಬಂತಲ್ಲ ಎಂದು ಹಿಗ್ಗಿದ್ದೆ. ನಮ್ಮ ಮನೆಯವರಲ್ಲಿ ಅವಳು ಮೊದಲು ಪರೀಕ್ಷೆ ಮಾಡುವುದು ನನ್ನನ್ನೇ ಎಂದು ಯಾರನ್ನೂ ಕೇಳದೆ ತೀರ್ಮಾನವನ್ನೂ ಮಾಡಿಕೊಂಡಿದ್ದೆ.

ಅಷ್ಟರಲ್ಲಿ ಮಾಗಡಿಯಿಂದ ಬೀಗರು, ಅಂದರೆ ನನ್ನ ಸೊಸೆಯ ತಂದೆ, ಸುಸ್ತು ಎಂದು ಬಂದುಬಿಟ್ಟರು. ಪವಿತ್ರ ಅವರ ಮಲಪರೀಕ್ಷೆ ಮಾಡಿದಳು. ಕಣ್ಣಿಗೆ ಕಾಣದ ರಕ್ತ ಇದೆ ಎಂದು ಬಂತು. ರಾಮನಗರಕ್ಕೆ ಕರೆದುಕೊಂಡು ಹೋಗಿ ಗಂಟಲಲ್ಲಿ ಕ್ಯಾಮರಾ ಇಳಿಸಿ ನೋಡಿಸಿದರೆ ಹೊಟ್ಟೆಯಲ್ಲಿ ಸಣ್ಣ ಹುಣ್ಣು; ಮಾತ್ರೆಯಲ್ಲೇ ವಾಸಿಯಾಗುತ್ತದೆ ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ದಿನಾ ಬೆಳಗ್ಗೆ ಪವಿತ್ರ ಅವರಿಗೆ ಫೋನ್ ಮಾಡಿ, “ತಾತ, ಮಾತ್ರೆ ತಗಂಡ್ಯಾ, ಉಂಡ್ಯಾ” ಎಂದು ವಿಚಾರಿಸುವುದು. ನನಗೆ ಬರುವ ಫೋನೆಂದರೆ ಗ್ಯಾಸ್ ಬುಕ್ ಆಗಿದೆ ಎಂದು ಹೇಳುವ ಮೆಷಿನ್ನಿನದು ಒಂದೇ. ಬೀಗರಂತೂ ಸಿಕ್ಕಾಗಲೆಲ್ಲ ಕಾಶಿಗೆ ಹೋಗಿ ಬಂದವರ ಹಾಗೆ ಕಥೆ ಶುರು ಮಾಡುತ್ತಿದ್ದರು. “ಬೀಗ್ರೆ, ಪವಿತ್ರ ಇರ್ನಿಲ್ಲ ಅಂದಿದ್ರೆ ನಾನೂ ಇರ್ತಿರ್ನಿಲ್ಲ. ಅವ್ಳ ಕೈ ನೋಡಿ, ಏನ್ ಸೂಕ್ಷ್ಮ ಅಂತೀರಿ.” ನನ್ನ ಮೊಮ್ಮಗಳ ಕೈ ಎಂಥದೆಂದು ನನಗೇ ಹೇಳುತ್ತಾರೆ. ನಾನು ನಗುತ್ತಾ ಅವರ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿಸುತ್ತಿದ್ದೆ.

ಕೊನೆಗೆ ನಾನೇ ಬಾಯಿಬಿಟ್ಟೆ. “ನಂದೂ ಒಸಿ ನೋಡವ್ವ.”

“ನಿಂಗೇನಾಗೈತೆ ತಾತ?”

“ಏನೂ ಆಗಿಲ್ಲ ಅಂತ ನಿಂಗೆಂಗ್ ಗೊತ್ತು?”

ವಯಸ್ಸಾದವರು ನೋಡಿಸಿಕೊಳ್ಳುವುದು ಒಳ್ಳೆಯದೇ ಎಂದು ಒಂದು ಪುಟ್ಟ ಡಬ್ಬಿ ಕೊಟ್ಟಳು, ಜೊತೆಗೆ ಪಥ್ಯವನ್ನೂ ಹೇಳಿದಳು. “ಮೂರ್ ದಿನ ಮಟನ್ ಮುಟ್ಬ್ಯಾಡ. ಕುರಿ ರಕ್ತಾನೂ ನಿನ್ ರಕ್ತಾನೂ ಒಂದೇ ತರ ತೋರಿಸ್ಬುಡ್ತದೆ. ನೀಲಿ ಬಣ್ಣ ಬಂದ್ರೆ ರಕ್ತ ಐತೆ ಅಂತ. ಗೊತ್ತಾಯ್ತಾ?”

ಗೊತ್ತಾಯಿತು. ಅವಳು ಹೇಳಿದ್ದಕ್ಕಿಂತ ಹೆಚ್ಚಾಗಿಯೇ ಗೊತ್ತಾಯಿತು.

ಎರಡನೇ ದಿನ ಊರಿನಲ್ಲಿ ಒಬ್ಬರ ಮನೆಯ ಬೀಗರೂಟ. ಎಲೆಯ ತುದಿಗೆ ರಕ್ತದ ಪಲ್ಯ ಬಂತು, ಈರುಳ್ಳಿ, ಕೊತ್ತಂಬರಿ ಸೊಪ್ಪು ಹಾಕಿ ಹುರಿದದ್ದು. ಮೊದಲ ಸಲ ಬಡಿಸಿಕೊಂಡದ್ದು ಬಾಯಿಚಪಲಕ್ಕೆ ಎಂದೇ ಇಟ್ಟುಕೊಳ್ಳಿ. ಎರಡನೇ ಸಲ ಬಡಿಸಿಕೊಂಡದ್ದು ರಿಪೋರ್ಟಿಗೆ. ಎದುರು ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಇದನ್ನು ನೋಡಿ, “ಪಥ್ಯ ಅಂತಿದ್ರಿ?” ಎಂದಳು. “ನಾಳಿಂದ” ಎಂದೆ.

ಮಾರನೇ ದಿನ ಡಬ್ಬಿ ಕೊಟ್ಟು ಬಂದೆ. ಅದರ ಮಾರನೇ ದಿನ ಪವಿತ್ರ ಬಸ್ಸಿಳಿದು ಓಡಿಬಂದಳು. “ಮೂರ್ ಸಲ ಮಾಡ್ದೆ ತಾತ. ಮೂರ್ ಸಲಾನೂ ನೀಲಿ.” ರಾಮನಗರದಲ್ಲಿ ಗುರುವಾರಕ್ಕೆ ಕ್ಯಾಮರಾ ಪರೀಕ್ಷೆಗೆ ನನ್ನ ಹೆಸರು ಬರೆಸಿಯೂ ಆಗಿತ್ತು. ಸೇರಿ ಎರಡು ತಿಂಗಳಾಗದ ಕೆಲಸಕ್ಕೆ, ಬೈಸಿಕೊಂಡು ರಜೆ ಹಾಕಿ ಬಂದಿದ್ದಳು. ಅವಳ ಹಿಂದೆಯೇ ಬೀಗರು, ಮಾಗಡಿಯಿಂದ ಎಳನೀರು ಹೊತ್ತುಕೊಂಡು. ನನ್ನ ಕೈ ಹಿಡಿದು, “ಹೆದರ್ಬ್ಯಾಡಿ ಬೀಗ್ರೆ. ಕ್ಯಾಮರಾ ಇಳ್ಸೋವಾಗ ಉಸ್ರು ಬಿಗಿ ಹಿಡೀಬ್ಯಾಡಿ, ಅಷ್ಟೇಯ. ಜತೇಲಿ ನಾನಿರ್ತೀನಿ” ಎಂದರು. ನಾನು ಮಂಚದ ಮೇಲೆ ಮಹಾರಾಜನ ಹಾಗೆ ಕೂತಿದ್ದೆ. ಸುಳ್ಳು ಹೇಳುವುದಿಲ್ಲ, ಅರ್ಧ ಗಂಟೆ ಸ್ವರ್ಗದಲ್ಲಿದ್ದೆ.

ನೀರು ಕುಡಿಯಲು ಎದ್ದವನಿಗೆ ಹುಳುಮನೆಯಲ್ಲಿ ಪವಿತ್ರ ಕಂಡಳು. ಸೊಪ್ಪು ಹಾಕುವ ನೆಪ ಮಾಡಿಕೊಂಡು ಅಳುತ್ತಿದ್ದಳು. ಹುಳು ಮೇಯುವ ಸದ್ದಿನಲ್ಲಿ ಯಾರಿಗೂ ಕೇಳಿಸದು ಎಂದುಕೊಂಡಿರಬೇಕು. ಬೀಗರ ರಿಪೋರ್ಟು ಬಂದ ದಿನ ಇವಳು ಇಷ್ಟು ಅತ್ತಿದ್ದಳೇ ಎಂದು ಮೊದಲು ಮನಸ್ಸಿಗೆ ಬಂತು. ಆಮೇಲೆ ಅವಳ ಭುಜ ಅಲುಗುವುದು ನೋಡಿ ನಿಲ್ಲಲಾಗಲಿಲ್ಲ.

“ಆ ರಕ್ತ ನಂದಲ್ಲ ಕಣವ್ವ” ಎಂದೆ. “ಕುರೀದು.”

ಅವಳು ತಿರುಗಿ ಮುಖ ಒರೆಸಿಕೊಂಡಳು. “ಎಷ್ಟ್ ತಿಂದೆ?”

“ಎಲ್ಡ್ ಸಲ ಬಡಿಸ್ಕಂಡೆ.”

“ಬೇಕಂತ್ಲೇ?”

ನಾನು ಹುಳುಗಳ ಕಡೆ ನೋಡತೊಡಗಿದೆ. ಅವಳು ಹೊರಗೆ ಹೋಗಿ ಎಲ್ಲರ ಮುಂದೆ ಹೇಳಿದಳು. ಬೀಗರು ನನಗೆಂದು ಕೆತ್ತಿದ್ದ ಎಳನೀರನ್ನು ತಾವೇ ಎತ್ತಿಕೊಂಡು ಕುಡಿದರು.

ಪವಿತ್ರ ರಾಮನಗರಕ್ಕೆ ಫೋನ್ ಮಾಡಿ ಗುರುವಾರದ್ದು ಬೇಡವೆಂದಳು, ಆದರೆ ರಜೆಯನ್ನು ಹಾಗೇ ಇಟ್ಟುಕೊಂಡಳು. “ನಿನ್ನ ನಂಬಕಾಗಕಿಲ್ಲ. ಮೂರ್ ದಿನ ಇಲ್ಲೇ ಇದ್ದು ನಿನ್ ತಟ್ಟೆ ಕಾಯ್ತೀನಿ.” ಮೂರು ದಿನ ಹೊತ್ತುಹೊತ್ತಿಗೆ ಪಕ್ಕದಲ್ಲೇ ಕೂತು ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ನಾನು ಊರೊಳಗೆ ಹೋಗಿ ಬಂದರೆ ಕೈ ಹಿಡಿದು ಮೂಸಿ ನೋಡುತ್ತಿದ್ದಳು. ಅಂಥ ರುಚಿಯಾದ ಸೊಪ್ಪಿನ ಸಾರನ್ನು ನಾನು ಜನ್ಮದಲ್ಲಿ ಉಂಡಿರಲಿಲ್ಲ. ಇದು ತಿಳಿದ ಬೀಗರು ಫೋನ್ ಮಾಡಿ, “ಮೂರ್ ದಿನಾನೂ ಅಲ್ಲೇ ಅವ್ಳಂತೆ?” ಎಂದು ಒಂದೇ ಮಾತನ್ನು ಎರಡು ಸಲ ಕೇಳಿದರು. ನಾನು ಎರಡು ಸಲವೂ ಹೂಂ ಎಂದೆ.

ನಾಲ್ಕನೇ ದಿನ ಹೊಸ ಡಬ್ಬಿಯೊಂದಿಗೆ ಹೋದವಳು ಸಂಜೆಗೆ ಫೋನ್ ಮಾಡಿದಳು. “ಏನೂ ಇಲ್ಲ ತಾತ. ಗುಂಡುಕಲ್ಲಿನಂಗಿದ್ದೀಯ.”

ಸಂತೋಷವೇ ಆಯಿತು. ಆದರೂ ಕೇಳಿದೆ. “ಕಫ ನೋಡಾಕೆ ಎಷ್ಟ್ ದಿನ ಪಥ್ಯ ಮಗ?”

“ಅದಕ್ಕೆ ಪಥ್ಯ ಇಲ್ಲ.”

“ಉಚ್ಚೇಗೆ?”

“ಇಲ್ಲ ತಾತ.”

“ಸಕ್ಕರೆ ನೋಡಾಕೆ?”

“ರಾತ್ರಿ ಉಂಡ್ಮ್ಯಾಕೆ ಬೆಳಗ್ಗೆಗಂಟ ಏನೂ ತಿನ್ನಂಗಿಲ್ಲ, ಅಷ್ಟೇಯ.”

ನನ್ನನ್ನು ನಂಬಲಾಗದು ಎಂದು ಅವಳೇ ಹೇಳಿದ್ದಾಳಲ್ಲ. ಒಂದು ರಾತ್ರಿಯಾದರೆ ಒಂದು ರಾತ್ರಿ. “ಹಂಗಾರೆ ಶನಿವಾರ ಬಂದು ಕಾವಲಿರವ್ವ” ಎಂದೆ.

“ಶನಿವಾರ ಆಗಕಿಲ್ಲ ತಾತ. ಮಾಗಡಿ ತಾತನೂ ಅದೇ ಪರೀಕ್ಷೆ ಮಾಡು ಅಂದವ್ರೆ. ಒಬ್ನೇ ಇದ್ರೆ ಎದ್ದು ಬೆಲ್ಲ ತಿಂದ್ಬುಡ್ತೀನಿ, ನೀನೇ ಬಂದು ಇರು ಅಂತ ನೆನ್ನೇನೇ ಫೋನ್ ಮಾಡಿದ್ರು.”

ಫೋನ್ ಇಟ್ಟು ಅಡುಗೆಮನೆಗೆ ಹೋಗಿ ಡಬ್ಬ ತೆರೆದು ನೋಡಿದೆ. ಬೆಲ್ಲ ನಮ್ಮ ಮನೆಯಲ್ಲೂ ಇತ್ತು.