ನನ್ನ ಅಳತೆಯ ಬೊಂಬೆಯವರಿಗೆ, ಒಂದು ಕೋಟಿನ ವಿಷಯವಾಗಿ

ಮಾನ್ಯ ಜಾಣರವರೇ,

ಮುಂದಿನ ಕೋಣೆಯ ಮೂಲೆಯಲ್ಲಿ, ಹೊಲಿಗೆಯಂತ್ರದ ಪಕ್ಕ, ಒಂದೇ ಕಾಲಿನ ಮೇಲೆ ನಿಂತು ಈ ಕುಟುಂಬದ ಸೇವೆ ಮಾಡುತ್ತಿರುವ ತಮಗೆ ನನ್ನ ನಮಸ್ಕಾರಗಳು. ತಮ್ಮಿಂದಲೂ ಮನೆಯವರಿಂದಲೂ ಬಹುಕಾಲ ಮುಚ್ಚಿಟ್ಟಿದ್ದ ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಮ್ಮ ಮೈಗೆ ತೊಡಿಸಿ ನೋಡಿ ಅಮ್ಮ ನನಗೆಂದು ಹೊಲಿದ ಬಟ್ಟೆಗಳಲ್ಲಿ ಒಂದೂ, ನಾಲ್ಕು ವರ್ಷಗಳಿಂದ, ನನ್ನ ಮೈಗೆ ಆಗಿಲ್ಲ. ಮಧ್ಯಾಹ್ನ ಅಮ್ಮ ಒಂದು ಗಳಿಗೆ ಕಣ್ಣು ಮುಚ್ಚಿದಾಗ ಅವುಗಳನ್ನು ಬಿಚ್ಚಿ, ಅಗಲಿಸಿ, ಉದ್ದ ಮಾಡಿ, ಮತ್ತೆ ಹೊಲಿದು ತೊಟ್ಟುಕೊಳ್ಳುತ್ತಿದ್ದವನು ನಾನೇ. ತಮಗೆ ಈ ಮನೆಯಲ್ಲಿ ಇರುವ ಅಪಾರ ಮರ್ಯಾದೆ ನನ್ನ ಕೈಯಿಂದ ಬಂದದ್ದು.

ಸುಳ್ಳು ಹೇಳದವನು ಇಷ್ಟು ದಿನ ಸುಮ್ಮನಿದ್ದದ್ದೇಕೆ ಎಂದು ತಾವು ಕೇಳಬಹುದು. ಯಾರೂ ಕೇಳಲಿಲ್ಲ, ಅದಕ್ಕೇ. ಕೇಳಿದ್ದರೆ ಹೇಳುತ್ತಿದ್ದೆ. ಶಾಲೆಯಲ್ಲಿ ಮೇಷ್ಟ್ರು "ಎಲ್ಲರಿಗೂ ಅರ್ಥವಾಯಿತಾ?" ಎಂದು ಕೇಳಿದಾಗಲೆಲ್ಲ ತರಗತಿಗೆ ತರಗತಿಯೇ ತಲೆಯಾಡಿಸುತ್ತಿದ್ದರೆ, ಭಿನ್ನರಾಶಿಯಿಂದೀಚೆಗೆ ಒಂದಕ್ಷರವೂ ಅರ್ಥವಾಗಿಲ್ಲವೆಂದು ಎದ್ದು ನಿಂತು ಹೇಳಿದವನು ನಾನೊಬ್ಬನೇ. ಇದನ್ನು ಮೂರು ವರ್ಷ ಬಿಡದೆ ಹೇಳಿದ್ದರಿಂದ, ನಾನು ಶಾಲೆ ಬಿಟ್ಟ ದಿನ ಮೇಷ್ಟ್ರು ಗೇಟಿನವರೆಗೂ ಬಂದು ಬೀಳ್ಕೊಟ್ಟರು.

ಇದು ಬಹಿರಂಗ ಪತ್ರವಾದ್ದರಿಂದ, ತಮ್ಮ ಪರಿಚಯವಿಲ್ಲದವರ ಸಲುವಾಗಿ ತಮ್ಮ ಹುಟ್ಟಿನ ಕಥೆಯನ್ನೂ ಹೇಳಬೇಕು. ನನಗೆ ಹನ್ನೆರಡು ವರ್ಷವಾಗಿದ್ದಾಗ, ಮನೆಯ ಹುಡುಗರಿಗೆ ಹೊಲಿದುಕೊಡುವ ಮತ್ತು ಬೇಯಿಸಿಕೊಡುವ ಕೈಕೆಲಸಗಳ ಒಂದು ಪುಸ್ತಕ ಅಮ್ಮನ ಕೈಸೇರಿತು. ಮುಂದಿನ ಅರ್ಧ ಹೊಲಿಗೆ, ಹಿಂದಿನ ಅರ್ಧ ಕೇಕು ಬಿಸ್ಕತ್ತು. ಪುಸ್ತಕವನ್ನು ನಟ್ಟನಡುವೆ ಹರಿದು ಹೊಲಿಗೆಯನ್ನು ಅಮ್ಮ ಇಟ್ಟುಕೊಂಡರು, ಓವನ್ನಿನ ಭಾಗವನ್ನು ಅಜ್ಜಿ ತೆಗೆದುಕೊಂಡರು. ಅತ್ತೆ ಸೊಸೆಯರ ನಡುವೆ ಇಷ್ಟು ಸಲೀಸಾಗಿ ಪಾಲಾದ ಆಸ್ತಿ ಲೋಕದಲ್ಲಿ ಇನ್ನೊಂದಿರಲಾರದು. ಅಮ್ಮನ ಪಾಲಿನ ಮೊದಲ ಪುಟದಲ್ಲೇ ಒಂದು ಬುದ್ಧಿಮಾತಿತ್ತು: ಹುಡುಗರು ಅಳತೆಗೆ ನಿಲ್ಲುವುದಿಲ್ಲ, ಒಂದು ಸಲ ಹಿಡಿದು ನಿಲ್ಲಿಸಿ ಬೊಂಬೆ ಮಾಡಿಕೊಂಡರೆ ಮುಂದೆ ಚಿಂತೆಯಿಲ್ಲ. ಮುಂದೆ ಎಂದರೆ ಎಷ್ಟು ಮುಂದೆ ಎಂಬುದನ್ನು ಬರೆದಿರಲಿಲ್ಲ.

ಒಂದು ಭಾನುವಾರ ಅಮ್ಮ ನನಗೆ ಹಳೆಯ ಬನಿಯನ್ನು ತೊಡಿಸಿ, ಕತ್ತಿನಿಂದ ಸೊಂಟದವರೆಗೆ, ತೋಳುಗಳನ್ನೂ ಸೇರಿಸಿ, ಪಾರ್ಸೆಲ್ಲಿನ ಅಂಟುಪಟ್ಟಿ ಸುತ್ತಿದರು. ಅಪ್ಪ ನನ್ನ ಭುಜ ಹಿಡಿದುಕೊಂಡರು. ಅಲುಗಾಡದಿರಲಿ ಎಂದು ಅಜ್ಜಿ ಬಾಯಿಗೆ ಬಿಸ್ಕತ್ತು ತುರುಕುತ್ತಿದ್ದರು. ಅಳತೆಯ ಹೊಟ್ಟೆಯ ಭಾಗದಲ್ಲಿ ಆ ಬಿಸ್ಕತ್ತುಗಳೂ ಸೇರಿವೆ. ಬೆನ್ನಿನ ಕಡೆ ಕತ್ತರಿಸಿದ ತಕ್ಷಣ ನಾನು ಅದರೊಳಗಿಂದ ಜಿಗಿದು ಬೀದಿಗೆ ಓಡಿದೆ. ಓಡದೆ ಉಳಿದುಕೊಂಡದ್ದು ತಾವು. ತಮ್ಮೊಳಗೆ ಹಳೆಯ ದಿಂಬಿನ ಹತ್ತಿ ತುಂಬಿ, ಕೆಟ್ಟುಹೋದ ಸ್ಟ್ಯಾಂಡ್ ಫ್ಯಾನಿನ ಕಾಲಿಗೆ ಸಿಕ್ಕಿಸಿ, "ತಲೆಯಿಲ್ಲದ ಮಗು ಮನೇಲಿ ನಿಂತಿರಬಾರದು" ಎಂದು ಅಜ್ಜಿ ಕೇಕು ಬೇಯಿಸುವ ದುಂಡನೆಯ ಡಬರಿಯನ್ನು ಮೇಲೆ ಬೋರಲು ಹಾಕಿದರು. ಅಮ್ಮ ದೂರ ನಿಂತು ನೋಡಿ, "ಜಾಣ ಅಂದ್ರೆ ಇವನು. ನಿಲ್ಲು ಅಂದ್ರೆ ನಿಂತಿರ್ತಾನೆ" ಎಂದರು. ಅಂದಿನಿಂದ ತಮ್ಮ ಹೆಸರು ಜಾಣ. ನನ್ನ ಹೆಸರು "ಇವನು ಎಲ್ಲಿ ಹೋದ?"

ತಮ್ಮ ಗುಣಗಳನ್ನು ಹೊಗಳದೆ ದೂರು ಹೇಳುವಷ್ಟು ಅಲ್ಪ ನಾನಲ್ಲ. ಬನ್ನಿನ ಹಿಟ್ಟು ಉಬ್ಬಲು ಬೆಚ್ಚಗಿನ ಜಾಗ ಬೇಕೆಂದು ಅಜ್ಜಿ ಪಾತ್ರೆಯನ್ನು ತಮ್ಮ ಹೊಟ್ಟೆಗೆ ಕಂಬಳಿಯಲ್ಲಿ ಸುತ್ತಿ ಕಟ್ಟುತ್ತಾರೆ; ಹಿಟ್ಟು ಉಬ್ಬಿ ಬಂದಾಗ "ನೋಡಿ, ಇವನ ಹತ್ರ ಇಟ್ಟರೆ ಎರಡಷ್ಟಾಗುತ್ತೆ, ಆ ಇನ್ನೊಬ್ಬನ ಹತ್ರ ಇಟ್ಟರೆ ಅರ್ಧ ಆಗುತ್ತೆ" ಎನ್ನುತ್ತಾರೆ. ಹಸಿ ಹಿಟ್ಟು ತಿಂದವನು ನಾನೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಹಿಟ್ಟನ್ನು ನಾದುವವನೂ ನಾನೇ ಎಂಬುದು ಯಾರ ಬಾಯಲ್ಲೂ ಬರುವುದಿಲ್ಲ. ಕುಟುಂಬದ ಫೋಟೋ ತೆಗೆಯುವ ದಿನ ನಾನು ಬರುವಷ್ಟರಲ್ಲಿ ತಡವಾಗಿ ನನ್ನ ಜಾಗದಲ್ಲಿ ತಮ್ಮನ್ನು ನಿಲ್ಲಿಸಿದ್ದರು. ಫೋಟೋದವರು ತಮ್ಮನ್ನೇ ತೋರಿಸಿ "ಆ ಹುಡುಗನ ಹಾಗೆ ನೆಟ್ಟಗೆ ನಿಲ್ಲಿ" ಎಂದು ಅಪ್ಪನಿಗೆ ಹೇಳಿದರಂತೆ. ಮಾತು ಕಲಿಯುವಾಗ ತಂಗಿ ಮೊದಲು "ಅಣ್ಣ" ಎಂದದ್ದು ತಮಗೆ. ನನ್ನನ್ನು ಈಗಲೂ "ಓಡಾಡೋ ಅಣ್ಣ" ಎನ್ನುತ್ತಾಳೆ. ಇನ್ನು ನನ್ನ ಹುಟ್ಟುಹಬ್ಬದ ಕೇಕು ಪ್ರತಿ ವರ್ಷ ಬೇಯುವುದು ತಮ್ಮ ತಲೆಯಲ್ಲಿ. ಆ ಒಂದು ಮಧ್ಯಾಹ್ನ ತಾವು ತಲೆಯಿಲ್ಲದೆ ನಿಂತಿರುತ್ತೀರಿ, ಆಗಲೂ ಮನೆಯಲ್ಲಿ ಯಾರಿಗೂ ತಮ್ಮ ಬುದ್ಧಿಯ ಮೇಲೆ ಅನುಮಾನ ಬರುವುದಿಲ್ಲ.

ನನ್ನ ದೂರು ಒಂದೇ. ತಾವು ಬೆಳೆಯಲಿಲ್ಲ. ನಾನು ಬೆಳೆದೆ. ತಮ್ಮಂಥವರು ಪಕ್ಕದಲ್ಲಿರುವಾಗ ಬೆಳೆಯುವುದು ಅವಿಧೇಯತೆಯೆಂದು ನನಗೆ ತಿಳಿದಿತ್ತು, ಆದರೂ ತಡೆಯಲಾಗಲಿಲ್ಲ. ಹದಿಮೂರಕ್ಕೆ ತೋಳು ಮಣಿಕಟ್ಟು ಬಿಟ್ಟು ಮೇಲೇರಿತು. ಹದಿನಾಲ್ಕಕ್ಕೆ ಅಂಗಿಯ ಅಂಚು ಹೊಕ್ಕುಳಿನ ನೆಂಟನಾಯಿತು. ಪುಸ್ತಕದಲ್ಲಿ ಹುಡುಗರಿಗೆ ಒಪ್ಪುವ ಬಟ್ಟೆಯೆಂದರೆ ಸಣ್ಣ ಸಣ್ಣ ಕೆಂಪು ಕಾರುಗಳ ಚಿತ್ರವಿರುವುದು ಎಂದಿದ್ದುದರಿಂದ, ಅಮ್ಮ ಆ ಬಟ್ಟೆಯ ಇಡೀ ಸುರುಳಿಯನ್ನೇ ತಂದಿಟ್ಟಿದ್ದರು. ಅದು ತೀರುವವರೆಗೆ ನಾನು ಹುಡುಗನೇ ಆಗಿರಬೇಕಿತ್ತು.

ಅಮ್ಮ ಧಾರಾಳಿ. ಒಳಮಡಿಕೆಗೆ ಯಾವಾಗಲೂ ಎರಡು ಬೆರಳು ಬಟ್ಟೆ ಬಿಡುತ್ತಾರೆ. ಮೊದಲ ವರ್ಷ ಆ ಮಡಿಕೆಗಳನ್ನು ಬಿಚ್ಚಿಕೊಂಡು ಕಾಲ ಹಾಕಿದೆ. ಕೂತಲ್ಲಿ ಕೂರದ ಹುಡುಗ ಹೊಲಿಯುವುದನ್ನು ಹೇಗೆ ಕಲಿತನೆಂದರೆ, ಯಂತ್ರದ ಪೆಡಲಿಗೆ ಬೇಕಾದದ್ದೇ ಸುಮ್ಮನಿರದ ಕಾಲು. ಅಮ್ಮನ ಕೈ ಎಲ್ಲಿ ನಿಲ್ಲುತ್ತದೆ, ಎಲ್ಲಿ ಒಂದು ಹೊಲಿಗೆ ಹಿಂದಕ್ಕೆ ಹಾಕಿ ಗಟ್ಟಿ ಮಾಡುತ್ತದೆ ಎಂಬುದನ್ನೆಲ್ಲ ಬಿಚ್ಚುವಾಗಲೇ ನೋಡಿಕೊಂಡೆ, ಹಾಗೆಯೇ ಹಾಕಿದೆ. ಮಡಿಕೆಗಳು ಮುಗಿದ ಮೇಲೆ ಬೇರೆ ಬಟ್ಟೆ ಬೇಕಾಯಿತು. ಅದೃಷ್ಟಕ್ಕೆ ಕಿಟಕಿಯ ಪರದೆಗಳಿಗೂ ಅಮ್ಮ ಅದೇ ಕೆಂಪು ಕಾರುಗಳ ಬಟ್ಟೆ ಹಾಕಿದ್ದರು. ವರ್ಷಕ್ಕೆ ಒಂದು ಗೇಣು ನಾನು ಬೆಳೆಯುತ್ತಿದ್ದೆ, ವರ್ಷಕ್ಕೆ ಒಂದು ಗೇಣು ಪರದೆ ಗಿಡ್ಡವಾಗುತ್ತಿತ್ತು. ನೆಲ ಮುಟ್ಟುತ್ತಿದ್ದದ್ದು ಮೊಣಕಾಲಿಗೆ ಬಂತು, ಮೊಣಕಾಲಿನಿಂದ ಸೊಂಟಕ್ಕೆ ಬಂತು. ಅಪ್ಪ ಒಂದು ದಿನ ಚಹಾ ಕುಡಿಯುತ್ತ ಅದನ್ನೇ ನೋಡಿ, "ಈ ಕಿಟಕಿ ಮೊದಲು ಇಷ್ಟು ದೊಡ್ಡದಿರಲಿಲ್ಲ, ಅಲ್ವೇನೇ?" ಎಂದರು. ಅಮ್ಮನೂ ನೋಡಿ, "ಹಳೇ ಮನೆ. ಗೋಡೆ ಜಾರ್ತಿರಬೇಕು" ಎಂದರು. ಗಾರೆಯವರನ್ನು ಕರೆಸಿದರು. ಅವರೂ ಬಂದು ಗೋಡೆ ತಟ್ಟಿ ನೋಡಿ, ಸ್ವಲ್ಪ ಜಾರಿದೆ ಎಂದೇ ಹೇಳಿ ಹೋದರು. ಜಾಣರವರೇ, ಈ ಮನೆಯಲ್ಲಿ ಕಿಟಕಿ ಬೆಳೆಯಬಹುದು, ಹುಡುಗ ಬೆಳೆಯುವಂತಿಲ್ಲ.

ಇಷ್ಟಾದರೂ ನಾನು ದೂರುತ್ತಿರಲಿಲ್ಲ. ಆದರೆ ನನಗೆ ಬೇರೆ ಊರಿನಲ್ಲಿ, ಲಾರಿಗಳಿಗೆ ಟಾರ್ಪಾಲು ಮತ್ತು ಡೇರೆಗಳನ್ನು ಹೊಲಿಯುವ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಮಾಲೀಕರು ಒಂದು ದಪ್ಪ ಚೂರು ಕೊಟ್ಟು ಹೊಲಿದು ತೋರಿಸೆಂದರು, ತೋರಿಸಿದೆ. ಎಲ್ಲಿ ಕಲಿತೆ ಎಂದರು, ಪರದೆ ಕದ್ದು ಕಲಿತೆ ಎಂದೆ. "ಇಲ್ಲಿ ಕದಿಯೋಕೆ ಪರದೆ ಇಲ್ಲ, ಬಾ" ಎಂದರು. ಆ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ್ದೇನೆಂದರೆ, ಲಾರಿಯ ಅಳತೆ ಬೇಕಾದರೆ ಲಾರಿಯನ್ನೇ ಕರೆಸಿ ನಿಲ್ಲಿಸುತ್ತಾರೆ. ಅದರ ಚಿಕ್ಕಂದಿನ ಬೊಂಬೆಯನ್ನಲ್ಲ.

ಅಲ್ಲಿ ಚಳಿಯಂತೆ. ಅದಕ್ಕೆ ಅಮ್ಮ ಒಂದು ಕೋಟು ಹೊಲಿಯಲು ಕೂತರು. ಹತ್ತು ದಿನ ಹೊಲಿದರು. ಬೂದುಬಣ್ಣದ ದಪ್ಪ ಬಟ್ಟೆ, ಒಳಗೆ ಕೆಂಪು ಕಾರುಗಳ ಅಸ್ತರು, ಒಳಜೇಬು, ಒಳಜೇಬಿಗೆ ಇನ್ನೊಂದು ಒಳಜೇಬು. ಅಮ್ಮ ಇಷ್ಟು ಚೆಂದವಾಗಿ ಏನನ್ನೂ ಹೊಲಿದದ್ದನ್ನು ನಾನು ನೋಡಿಲ್ಲ. ಪ್ರತಿ ಸಂಜೆ ಅದನ್ನು ತಮಗೆ ತೊಡಿಸಿ, ಭುಜ ಸವರಿ, ಕಾಲರ್ ಎತ್ತಿ, "ಅಲ್ಲಿ ಹುಷಾರಾಗಿರು, ಸಮಯಕ್ಕೆ ಊಟ ಮಾಡು" ಎಂದು ತಮಗೇ ಹೇಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಅಮ್ಮ ಆ ಮಾತುಗಳನ್ನು ನನಗೆ ಹೇಳಲಿಲ್ಲ. ಹೇಳಿಯಾಗಿದೆ ಎಂದುಕೊಂಡಿರಬೇಕು.

ಈ ಕೋಟನ್ನು ಮಾತ್ರ ಬಿಚ್ಚಬಾರದೆಂದು ತೀರ್ಮಾನಿಸಿದೆ. ಇದನ್ನೂ ಗುಟ್ಟಾಗಿ ಸರಿಮಾಡಿಕೊಂಡು ಹೊರಟುಹೋದರೆ ಅಮ್ಮ ಮುಂದಿನ ವರ್ಷಗಳಲ್ಲೂ ತಮ್ಮ ಅಳತೆಗೇ ಹೊಲಿದು ಹೊಲಿದು ಅಂಚೆಯಲ್ಲಿ ಕಳಿಸುತ್ತಿರುತ್ತಾರೆ, ನನಗೆ ಮೀಸೆ ಬಂದು ಅದು ಬೆಳ್ಳಗಾದರೂ ಅವರ ಲೆಕ್ಕದಲ್ಲಿ ದೂರದ ಊರಿನಲ್ಲಿ ದುಡಿಯುತ್ತಿರುವವನು ಒಬ್ಬ ಹನ್ನೆರಡು ವರ್ಷದ ಹುಡುಗನೇ ಆಗಿರುತ್ತಾನೆ. ಹೋಗುವ ಮೊದಲು ಒಂದೇ ಒಂದು ಸಲ ಅಮ್ಮ ನನ್ನನ್ನು ಇರುವ ಹಾಗೆ ನೋಡಲಿ ಎಂಬುದು ನನ್ನ ಆಸೆಯಾಗಿತ್ತು.

ಮೊನ್ನೆ ಭಾನುವಾರ ಎಲ್ಲರೆದುರು ಕೋಟನ್ನು ಹಾಗೆಯೇ ತೊಟ್ಟೆ. ತೋಳುಗಳು ಮೊಣಕೈಗೆ ನಿಂತವು. ಗುಂಡಿಗೂ ಕಾಜಕ್ಕೂ ನಡುವೆ ಒಂದು ಬನ್ನು ಇಡುವಷ್ಟು ಜಾಗವಿತ್ತು. ತಂಗಿ ಇಟ್ಟೂ ನೋಡಿದಳು. ಅಪ್ಪ ಕನ್ನಡಕ ಒರೆಸಿಕೊಂಡು "ನೀರಿಗೆ ಹಾಕಿದಾಗ ಕುಗ್ಗಿದೆ" ಎಂದರು. ಕೋಟು ಇನ್ನೂ ನೀರು ಕಂಡಿರಲಿಲ್ಲ. ಅಜ್ಜಿ "ಹಸಿ ಹಿಟ್ಟು ತಿನ್ನಬೇಡ ಅಂತ ಬಡ್ಕೊಂಡೆ, ಈಗ ಒಳಗೇ ಉಬ್ಬಿದೆ" ಎಂದರು. ಅಮ್ಮ ಕೋಟನ್ನು ನನ್ನ ಮೈಯಿಂದ ತೆಗೆದು ತಮಗೆ ತೊಡಿಸಿದರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂತಿತು. ಅಮ್ಮ ನನ್ನ ಕಡೆ ತಿರುಗಿ, "ಇಲ್ಲಿ ಸರಿಯಾಗೇ ಇದೆಯಲ್ಲೋ. ನೀನ್ಯಾಕೆ ಹೀಗೆ ಮಾಡ್ಕೊಂಡೆ?" ಎಂದು ಕೇಳಿದರು.

ಕೊನೆಗೂ ಕೇಳಿದರಲ್ಲ ಎಂದು ಎಲ್ಲವನ್ನೂ ಹೇಳಿದೆ. ಮಡಿಕೆಗಳನ್ನು ಹೇಳಿದೆ, ಪರದೆಗಳನ್ನು ಹೇಳಿದೆ. ಮನೆಯವರೆಲ್ಲ ನಕ್ಕರು. "ಎರಡು ತುತ್ತು ಕೂತು ಉಣ್ಣೋಕಾಗಲ್ಲ, ಇವನು ಹೊಲಿತಾನಂತೆ" ಎಂದು ಅಜ್ಜಿ ಕಣ್ಣೊರೆಸಿಕೊಂಡರು. ಸಾಕ್ಷಿಗೆ ನನ್ನ ಅಂಗಿಗಳನ್ನು ತಂದು ಒಳಗು ಹೊರಗು ಮಾಡಿ ಅಮ್ಮನ ಮುಂದೆ ಹರಡಿದೆ. ಅಮ್ಮ ಬೆಳಕಿಗೆ ಹಿಡಿದು, ಹೊಲಿಗೆಯ ಮೇಲೆ ಉಗುರಾಡಿಸಿ ನೋಡಿ, "ಇದು ನನ್ನ ಹೊಲಿಗೆ ಕಣೋ. ನನ್ನ ಕೈ ನನಗೆ ಗೊತ್ತಾಗಲ್ವಾ?" ಎಂದರು. ನಾನು ಅಷ್ಟು ಚೆನ್ನಾಗಿ ಕಲಿತಿದ್ದೇ ನನಗೆ ಮುಳುವಾಯಿತು.

ಆದ್ದರಿಂದ, ಪ್ರತಿ ಮಧ್ಯಾಹ್ನ ಆ ಯಂತ್ರದ ಪಕ್ಕದಲ್ಲೇ ನಿಂತು ನನ್ನ ಕೆಲಸವನ್ನೆಲ್ಲ ಕಂಡ ಏಕೈಕ ಸಾಕ್ಷಿಯಾದ ತಮ್ಮಲ್ಲಿ ನನ್ನ ವಿನಂತಿಗಳು ಹೀಗಿವೆ. ತಾವು ಇಂದು ಸಂಜೆಯೊಳಗೆ ದಯಮಾಡಿ ನಾಲ್ಕು ಗೇಣು ಬೆಳೆಯಬೇಕು. ಅದು ಆಗದಿದ್ದರೆ ಬಾಯಿಬಿಟ್ಟು ನಡೆದದ್ದನ್ನು ಹೇಳಬೇಕು. ಬಾಯಿ ಇಲ್ಲವೆಂಬ ನೆಪ ಬೇಡ, ಡಬರಿಗೆ ಬಾಯಿ ಇದೆ, ಬೋರಲಾಗಿದೆ ಅಷ್ಟೆ. ಅದೂ ಆಗದಿದ್ದರೆ ನನ್ನ ಬದಲು ತಾವೇ ಹೋಗಿ ಟಾರ್ಪಾಲು ಹೊಲಿಯಿರಿ, ಕೋಟು ಹೇಗೂ ತಮಗೆ ಆಗುತ್ತದೆ. ನಾನು ಮೂಲೆಯಲ್ಲಿ ಫ್ಯಾನಿನ ಕಾಲು ಹಿಡಿದು ನಿಂತಿರುತ್ತೇನೆ. ಅಮ್ಮ ಭುಜ ಸವರಿ ಊಟದ ವಿಚಾರ ಹೇಳಿದರೆ ಕೇಳಿಸಿಕೊಳ್ಳುತ್ತೇನೆ. ಈ ಮೂರರಲ್ಲಿ ಯಾವುದಾದರೂ ಸರಿ, ತಮ್ಮ ಅನುಕೂಲ ನೋಡಿಕೊಂಡು ಮಾಡಬೇಕಾಗಿ ಕೋರುತ್ತೇನೆ. ಮನೆಯವರೆಲ್ಲರೂ ಓದಲೆಂದು ಈ ಪತ್ರವನ್ನು ತಮ್ಮ ಎದೆಗೆ ಗುಂಡುಸೂಜಿಯಿಂದ ಚುಚ್ಚುತ್ತಿದ್ದೇನೆ. ನೋವಾಗುವುದಿಲ್ಲವೆಂದು ಬಲ್ಲೆ, ಆದರೆ ಕ್ಷಮಿಸಿ.

ತಮ್ಮಷ್ಟು ನೆಟ್ಟಗೆ ಎಂದೂ ನಿಲ್ಲಲಾರದ, ಆದರೂ
ತಮ್ಮ ವಿಶ್ವಾಸಿ,
ಓಡಾಡೋ ಅಣ್ಣ

ತಾ.ಕ.: ಪತ್ರವನ್ನು ಕೆಳಗಿಳಿಸಿ ಇಷ್ಟನ್ನು ಸೇರಿಸುತ್ತಿದ್ದೇನೆ. ಮಧ್ಯಾಹ್ನ ಅಮ್ಮ ಮಲಗಲಿಲ್ಲ. ತಮ್ಮ ಮುಂದೆ ನಿಂತು ಇದನ್ನು ಪೂರ್ತಿ ಓದಿದರು, ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಟೇಪು ತಂದು ನನ್ನನ್ನು ಗೋಡೆಗೆ ನಿಲ್ಲಿಸಿದರು. ಭುಜ ಎಟುಕಲಿಲ್ಲ, ಸ್ಟೂಲು ತಂದು ಹತ್ತಿದರು. ಅಳೆದದ್ದನ್ನೇ ಇನ್ನೊಮ್ಮೆ ಅಳೆದರು. ಇಳಿದು ಬಂದು ಕೋಟನ್ನು ತಮ್ಮ ಮೈಯಿಂದ ಬಿಡಿಸಿ ಚಾಪೆಯ ಮೇಲೆ ಹಾಸಿ, ಒಂದು ಕತ್ತರಿಯನ್ನು ಹಿಡಿದುಕೊಂಡು ಇನ್ನೊಂದನ್ನು ನನ್ನ ಕಡೆ ತಳ್ಳಿ, "ಎಡದ ತೋಳು ನೀನು ಬಿಚ್ಚು. ದಾರ ಎಳೀಬೇಡ, ಕತ್ತರಿಸು" ಎಂದರು. ಗೊತ್ತಮ್ಮ ಎಂದೆ. ಈಗ ತಾವು ಮೂಲೆಯಲ್ಲಿ ಬರಿಮೈಯಲ್ಲಿ ನಿಂತಿದ್ದೀರಿ. ಇನ್ನು ಮುಂದೆ ತಮಗೆ ಚಳಿಯಾದರೆ, ಬಟ್ಟೆ ಬಿಗಿಯಾದರೆ, ಅಥವಾ ಯಾರೂ ಮಾತನಾಡಿಸದೆ ಹೋದರೆ ನನಗೊಂದು ಪತ್ರ ಹಾಕಿ. ಅಂಥ ದೂರುಗಳ ಬಗ್ಗೆ ನನಗೆ ಅನುಭವವಿದೆ. ನಾನು ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.